ಶಿವಗಂಗವ್ವನ ಅಡುಗೆಯ ಉಪ್ಪು

ಸಂಶಿಯ ಶಿವಗಂಗವ್ವ ಅಡುಗೆಗೆ ಕದ್ದು ಉಪ್ಪು ಹಾಕುತ್ತಾಳೆ ಎಂಬ ಮಾತು ಹುಟ್ಟಿದ್ದು ಅವಳ ಮನೆಯ ಪಡಸಾಲೆಯಲ್ಲೇ. ಗಂಡ ಮಡಿವಾಳೆಪ್ಪನಿಗೆ ಎರಡು ವರ್ಷದಿಂದ ಬಿಪಿ. ಹುಬ್ಬಳ್ಳಿಯ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಕಿಡ್ನಿಗೂ ಪೆಟ್ಟು ಬೀಳತೊಡಗಿದೆ, ಉಪ್ಪು ಬಿಡದಿದ್ದರೆ ಮುಂದೆ ಕಷ್ಟ ಎಂದಿದ್ದರು. ಉಣ್ಣುವವನು ಮಡಿವಾಳೆಪ್ಪನಾದರೂ ಅವರು ಅದನ್ನು ಹೇಳಿದ್ದು ಶಿವಗಂಗವ್ವನ ಮುಖ ನೋಡಿ.

ಮೂರು ತಿಂಗಳು ಅವಳು ಬೇಳೆಗೂ ಪಲ್ಯಕ್ಕೂ ಹೆಸರಿಗಷ್ಟೇ ಉಪ್ಪು ತೋರಿಸಿದಳು. ತಾನೂ ಅದನ್ನೇ ಉಂಡಳು. ಮತ್ತೆ ಹುಬ್ಬಳ್ಳಿಗೆ ಹೋದಾಗ ಬಿಪಿ ಇಳಿಯುವ ಬದಲು ಏರಿತ್ತು. ಮಡಿವಾಳೆಪ್ಪನ ಪಾದಗಳು ಬಾತು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

"ಇಕಿ ಕೈ ಬಿಗಿ ಇಲ್ಲ" ಎಂದಳು ಅತ್ತೆ. "ರುಚಿ ಕೆಟ್ಟರ ತನ್ನ ಹೆಸರ ಕೆಡತೈತಿ ಅಂತ ಮರ್ಯಾಗ ಹಾಕ್ತಾಳ."

"ನಿನ್ನಿನ ಪಲ್ಯಾ ನೀವ ಉಂಡೀರೆಲ್ಲರಿ ಅತ್ತಿ, ಉಪ್ಪ ಇತ್ತೇನ್ರಿ?"

"ನನ್ನ ನಾಲಿಗಿ ಸತ್ತು ಹತ್ತ ವರ್ಷ ಆತು. ನನಗೇನ ಕೇಳತಿ?"

ಮಡಿವಾಳೆಪ್ಪ ತಾಯಿಯಷ್ಟು ಮಾತಾಡಲಿಲ್ಲ. "ಹಾಕಿದ್ದರ ಹೇಳಿಬಿಡ. ನನ್ನ ಜೀವದ ಮಾತೈತಿ" ಎಂದಷ್ಟೇ ಅಂದ. ಅಂದಿನಿಂದ ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು ಪಾತ್ರೆ ಇಣುಕಿ ಹೋಗತೊಡಗಿದ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವನು ಅಡುಗೆಮನೆಗೆ ಅಷ್ಟು ಸಲ ಬಂದದ್ದೇ ಇಲ್ಲ. ಶಿವಗಂಗವ್ವ ಒಳಗೊಳಗೇ, ಕೈತಪ್ಪಿ ನಾನೇ ಎರಡು ಸಲ ಹಾಕುತ್ತಿದ್ದೇನೋ ಎಂದು ತನ್ನ ಕೈಯನ್ನೇ ಅನುಮಾನಿಸಿದಳು. ಗಂಡನನ್ನು ಕೈಯಾರೆ ಕೊಲ್ಲುತ್ತಿದ್ದೇನೆಂಬ ಹೆದರಿಕೆ ಅವಳ ಅನ್ನವನ್ನೂ ಕಸಿದಿತ್ತು.

ಹಿಂದಿನ ವರ್ಷ ಅವಳ ಬಲಭುಜ ಹಿಡಿದುಕೊಂಡಿತ್ತು. ಮುಂಜಾನೆ ಹನ್ನೆರಡು ರೊಟ್ಟಿ ಬಡಿಯುವುದರೊಳಗೆ ತೋಳು ಉರಿಯುತ್ತಿತ್ತು. ರಾತ್ರಿ ಮತ್ತೆ ಬಡಿಯುವುದು ಆಗದ ಮಾತು. ಆದರೆ ಆ ಮನೆಯಲ್ಲಿ ರಾತ್ರಿ ಗಂಡಸಿನ ತಾಟಿಗೆ ಮುಂಜಾನೆಯ ರೊಟ್ಟಿ ನೀಡುವಂತಿರಲಿಲ್ಲ. ಹಾಗಾಗಿ ಹುಬ್ಬಳ್ಳಿಯ ಸೂಪರ್ ಮಾರ್ಕೆಟ್ಟಿನಿಂದ, ಮೇಲೆ ಜೋಳದ ತೆನೆಯ ಚಿತ್ರವಿದ್ದ ಬ್ರೆಡ್ಡು ಬಂತು. ಅದು ಗಂಟಲಲ್ಲಿ ಇಳಿಯಲು ಟೊಮೆಟೊ ಸಾಸಿನ ಬಾಟಲಿ ಬಂತು. ರಾತ್ರಿ ಐದಾರು ತುಂಡು ಮಡಿವಾಳೆಪ್ಪನಿಗೆ ರೂಢಿಯಾಯಿತು. ವಾರ ಕಳೆದರೂ ಬೂಷ್ಟು ಹಿಡಿಯದ್ದನ್ನು ಅತ್ತೆ ಓಣಿಯಲ್ಲೆಲ್ಲ ಹೊಗಳಿದಳು.

ಒಂದು ಸಂಜೆ ಬಾಜು ಓಣಿಯ ಆಶಾ ಕಾರ್ಯಕರ್ತೆ ಮೈಮುನಬಿ ಬಿಪಿ ನೋಡಲು ಬಂದಳು. ಮಷೀನು ತೋರಿಸಿದ ಅಂಕಿಗೆ ಹುಬ್ಬು ಗಂಟಿಕ್ಕಿ, ಇಡೀ ದಿನದ ಊಟ ಕೇಳಿದಳು. ಬ್ರೆಡ್ಡೆಂದ ಕೂಡಲೇ, "ಅದರ ಚೀಲ ತರ್ರಿ ಗಂಗಕ್ಕಾ" ಎಂದಳು.

ಹಿಂಬದಿಯ ಅಕ್ಷರ ಇರುವೆಗಿಂತ ಸಣ್ಣವು. ಮೈಮುನಬಿ ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿದಳು.

"ಮೊದಲ ಮೈದಾ ಐತಿ. ಜೋಳ ನೂರಕ್ಕ ನಾಕ ಪಾಲು. ಮತ್ತ ಉಪ್ಪ ಐತಿ ನೋಡ್ರಿ."

"ಹುಚ್ಚಿ ಏನ? ರೊಟ್ಟಿಗೆ ಯಾರರ ಉಪ್ಪ ಹಾಕ್ತಾರೇನ?" ಎಂದಳು ಅತ್ತೆ.

"ನೀವು ಹಾಕೂದಿಲ್ಲ, ಹಿಟ್ಟು ನೀರು ಅಷ್ಟ. ಕಂಪನಿಯವರು ಹಾಕ್ತಾರ. ಕೆಡಬಾರದಂತ ಹಾಕೂ ಪುಡಿ ಬ್ಯಾರೆ. ಇಲ್ಲಿ ಬರೀ ನಂಬರ್ ಬರದಾರ." ಸಾಸಿನ ಬಾಟಲಿ ತಿರುವಿದಳು. "ಇದರಾಗೂ ಐತಿ."

"ಅದು ಸಿಹಿ ಐತೆಲ್ಲ!" ಎಂದಳು ಶಿವಗಂಗವ್ವ.

"ಸಕ್ರಿ ಸುರದಾರ, ಅದಕ್ಕ ಉಪ್ಪ ನಾಲಿಗಿಗೆ ಹತ್ತೂದಿಲ್ಲ." ಮಡಿವಾಳೆಪ್ಪನ ಕಡೆ ತಿರುಗಿದಳು. "ಕಾಕಾ, ನಿಮಗ ದಿನಕ್ಕ ಎಷ್ಟ ಉಪ್ಪ ನಡೀತೈತೋ, ಅದರ ಅರ್ಧ ಇಲ್ಲೇ ಮುಗೀತೈತ್ರಿ."

ಮೈಮುನಬಿ ಎದ್ದು ಹೋದಳು. ಮಡಿವಾಳೆಪ್ಪ ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತ ಕುಳಿತಿದ್ದ. ತಪ್ಪಾಯಿತು ಎಂದು ಒಬ್ಬರಾದರೂ ಅಂದಾರು ಎಂದು ಶಿವಗಂಗವ್ವ ಬಾಗಿಲಲ್ಲಿ ನಿಂತೇ ಇದ್ದಳು.

"ಹಂಗಾರ ಇವತ್ತಿಂದ ರಾತ್ರಿ ಬಿಸಿ ರೊಟ್ಟಿ ಬಡಿ" ಎಂದ ಅವನು.

"ಮೊದಲಿನಂಗ ಬಡಿದಿದ್ದರ ಇದೆಲ್ಲ ಆಗತಿರಲಿಲ್ಲ" ಎಂದಳು ಅತ್ತೆ.

ಇಷ್ಟು ದಿನ ಅವಳ ಕೈಯ ಉಪ್ಪು ತಪ್ಪಾಗಿತ್ತು, ಈಗ ಅವಳ ಭುಜ ತಪ್ಪಾಯಿತು. ಅವಳು ಒಳಗೆ ಹೋದಳು.

ರಾತ್ರಿ ತಾಟಿನಲ್ಲಿ ಎರಡು ರೊಟ್ಟಿ ಕಂಡು ಮಡಿವಾಳೆಪ್ಪ ಮುಟ್ಟಿ ನೋಡಿದ. ತಣ್ಣಗಿದ್ದವು.

"ಮುಂಜಾನಿವು ಅಲ್ಲ ಇವು?"

"ಹೌದ್ರಿ."

"ನನಗ ತಂಗಳ ನೀಡತಿ?"

"ಇಪ್ಪತ್ತೇಳು ವರ್ಷ ರಾತ್ರಿ ನಾ ಉಂಡದ್ದು ಇವನ್ನ ರೀ. ಒಂದ ಹೊತ್ತು ಬಡಿತೀನಿ. ಎರಡನೇ ಹೊತ್ತು ಈ ತೋಳಿಗೆ ಆಗೂದಿಲ್ಲ."

ಅವನು ತಾಯಿಯ ಕಡೆ ನೋಡಿದ. ಆಕೆ ಗೋಡೆ ನೋಡುತ್ತಿದ್ದಳು. ರೊಟ್ಟಿ ಮುರಿದರೆ ಪಟ್ಟೆಂದು ಸಪ್ಪಳವಾಯಿತು. ತುಂಡನ್ನು ಬೇಳೆಯಲ್ಲಿ ಅದ್ದಿ ಕೂಡಲೇ ಬಾಯಿಗೆ ಒಯ್ದು, ಅಗಿಯಲಾರದೆ ತೆಗೆದ.

ದಿನಾ ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದ ಶಿವಗಂಗವ್ವ ತನ್ನ ತಾಟು ತಂದು ಅವನೆದುರು ಕುಳಿತಳು. ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ, "ಅವಸರ ಮಾಡಬ್ಯಾಡ್ರಿ, ನೆನೀಲಿ" ಎಂದಳು.