ಎಡಗಡೆಯ ಪಟ್ಟಿ

ಕಳೆದ ವರ್ಷ ದಿಗ್ಗೇವಾಡಿಯಿಂದ ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡು ರಾಯಬಾಗಕ್ಕೆ ತಂದೆ. ಅದರ ಯಜಮಾನ ತೀರಿಕೊಂಡಿದ್ದ. ನನಗೆ ಮಾರಿದವಳು ಅವನ ಹೆಂಡತಿ, ಮಗ ಸೊಸೆಯರ ಜೊತೆ ಇರುವ ಮುದುಕಿ. ಪೆಟ್ರೋಲ್ ಟಾಕಿಯ ಬಲಗಡೆ ಉದ್ದಕ್ಕೂ ಹೊಳೆಯುವ ಕ್ರೋಮ್ ಪಟ್ಟಿ ಇತ್ತು. ಎಡಗಡೆಯದು ಇರಲಿಲ್ಲ. ಇಷ್ಟು ವರ್ಷ ಕಬ್ಬಿನ ಹೊಲಗಳ ದಾರಿಯಲ್ಲಿ ಓಡಿದ ಗಾಡಿ, ಎಲ್ಲೋ ಬಿದ್ದಿರಬೇಕು ಎಂದುಕೊಂಡೆ.

ಗಾಡಿಯ ಕೆಲಸವನ್ನು ನಾನು ಇನ್ನೊಬ್ಬರ ಕೈಗೆ ಕೊಡುವವನಲ್ಲ. ನನ್ನಷ್ಟು ಚೊಕ್ಕಟವಾಗಿ ಯಾರೂ ಮಾಡಲಾರರು ಎಂಬ ಸೊಕ್ಕು. ನಿಪ್ಪಾಣಿಗೆ ಹೋಗಿ ಅದೇ ಅಳತೆಯ ಪಟ್ಟಿ ತಂದೆ. ಟಾಕಿಯನ್ನು ಒರೆಸಿ, ಗೆರೆ ಸೊಟ್ಟಗಾಗದಂತೆ ಟೇಪು ಹಚ್ಚಿ, ಅಂಟು ಸವರಿ ಪಟ್ಟಿ ಕೂಡಿಸಿದೆ. ಮೇಲೆ ಸೀಳಿದ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಟ್ಯೂಬು ಕಟ್ಟಿದಂತೆಯೇ ಇದೆ, ಪಟ್ಟಿ ಮಾತ್ರ ನೆಲದ ಮೇಲೆ ಬಿದ್ದಿದೆ.

ಅಂಟು ಬದಲಿಸಿದೆ. ಮತ್ತೆ ಬಿತ್ತು.

“ಮೊದಲಿನ ಮಾಲಕಗ ನಿಮ್ಮ ಕೆಲಸ ಪಸಂದ್ ಬಿದ್ದಿಲ್ಲ ಕಾಣ್ತೈತಿ” ಎಂದು ಹೆಂಡತಿ ನಕ್ಕಳು.

ನನಗೆ ನಗು ಬರಲಿಲ್ಲ. ಎಡ ಮೊಣಕಾಲು ತಾಗುವ ಜಾಗದಲ್ಲಿ ಟಾಕಿ ಬೆಚ್ಚಗಿತ್ತು. ಗಾಡಿ ಹೊರಗೆ ತೆಗೆದಿರಲಿಲ್ಲ, ಶೆಡ್ಡಿನೊಳಗೆ ಬಿಸಿಲೂ ಬರುವುದಿಲ್ಲ. ಬಲಗಡೆ ಮುಟ್ಟಿದರೆ ತಣ್ಣಗಿತ್ತು. ಹೆದರಿಕೆಯಾಯಿತು, ಹೆಂಡತಿಗೆ ಹೇಳಲು ಮಾತ್ರ ಮನಸ್ಸಾಗಲಿಲ್ಲ.

ಹಳೆಯ ಪಟ್ಟಿಯೇ ಸಿಕ್ಕೀತೇನೋ ಎಂದು ಒಂದು ಸಂಜೆ ಅದೇ ಗಾಡಿಯ ಮೇಲೆ ದಿಗ್ಗೇವಾಡಿಗೆ ಹೋದೆ. ಮುದುಕಿ ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು.

“ಆಯಿ, ಟಾಕಿ ಪಟ್ಟಿ ಇಲ್ಲೆ ಎಲ್ಲೆರೆ ಬಿದ್ದೈತೇನ್ರಿ?”

“ಬಿದ್ದಿಲ್ಲಪಾ. ನಾನಾ ಬಿಚ್ಚಿ ಇಟ್ಕೊಂಡೇನಿ.”

ಗೋಡೆಯ ಗೂಟಗಳಿಗೆ ಹಳೆಯ ಹಗ್ಗಗಳು ನೇತುಬಿದ್ದಿದ್ದವು, ಮಾರಿದ ಎತ್ತುಗಳವು. ಅವುಗಳ ನಡುವೆ, ದಾರ ಕಟ್ಟಿ ತೂಗುಹಾಕಿದ ಕ್ರೋಮ್ ಪಟ್ಟಿ. ಈಗತಾನೆ ಒರೆಸಿಟ್ಟಂತೆ ಹೊಳೆಯುತ್ತಿತ್ತು.

ಎತ್ತು ಮಾರಿದರೂ ಹಗ್ಗ ಕೊಡಬಾರದು ಎಂಬ ಪದ್ಧತಿ ನಮ್ಮ ಮನೆಯಲ್ಲೂ ಇದೆ. ಕೊಟ್ಟರೆ ದನದ ಹಿಂದೆಯೇ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎನ್ನುತ್ತಾರೆ. ಆದರೆ ಮೋಟಾರ್‌ಸೈಕಲ್ಲಿಗೆ? ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಹಾಗಾಯಿತಲ್ಲ ಎಂದು ಸಿಟ್ಟು ಬಂತು. ಕೇಳದೆಯೇ ಪಟ್ಟಿಯನ್ನು ಗೂಟದಿಂದ ತೆಗೆದು ಕೈಯಲ್ಲಿ ಹಿಡಿದೆ.

“ಗಾಡಿ ಅಂದ್ರ ಎತ್ತೇನ್ರಿ ಆಯಿ? ಇದನ್ನ ಕೊಟ್ಟಬಿಡ್ರಿ. ಹೊಸಾದು ನಿಲ್ಲವಲ್ದು.”

“ನಿಲ್ಲೂದಿಲ್ಲ” ಎಂದಳು, ಹಾಲು ಕೆಟ್ಟಿತು ಎನ್ನುವಷ್ಟು ಸಹಜವಾಗಿ. “ಅದು ಇಲ್ಲಿ ಇರೂತನಕಾ ಅವರು ದಿನಾ ಸಂಜೀಕ ಬರ್ತಾರ. ನೀ ಒಯ್ದ್ರ ಬರೂದಿಲ್ಲ. ನೀನಾ ಹೇಳಪಾ, ಕೊಡ್ಲೇನು?”

ಉತ್ತರ ಹೇಳಬೇಕು ಎನ್ನುವಷ್ಟರಲ್ಲಿ ಹೊಳೆಯ ಕಡೆಯ ದಾರಿಯಿಂದ ಸಪ್ಪಳ ಕೇಳಿಸಿತು. ಡಗಡಗ ಓಡುವುದು, ಏರಿನಲ್ಲಿ ಒಮ್ಮೆ ತಡವರಿಸುವುದು, ಮತ್ತೆ ಓಡುವುದು. ಆ ತಡವರಿಕೆ ನನಗೆ ಗೊತ್ತು, ಎಷ್ಟು ಬಿಚ್ಚಿ ಜೋಡಿಸಿದರೂ ನನ್ನ ಗಾಡಿಯಲ್ಲಿ ಹೋಗದೆ ಉಳಿದದ್ದು. ಕೊಟ್ಟಿಗೆಯ ಬಾಗಿಲಿನಿಂದ ನೋಡಿದೆ. ಗಾಡಿ ನಾನು ನಿಲ್ಲಿಸಿದಲ್ಲೇ ನಿಂತಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು. ಸಪ್ಪಳ ಅಂಗಳದವರೆಗೂ ಬಂದು ನಿಂತಿತು. ಯಾರೂ ಇರಲಿಲ್ಲ. ಎಮ್ಮೆ ಮೇವು ಬಿಟ್ಟು ಆ ಕಡೆ ನೋಡಿತು.

ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ನೀರ ಇಟ್ಟೇನಿ, ಕೈಕಾಲ ತೊಳ್ಕೊಳ್ರಿ” ಎಂದಳು. ನನಗೆ ಹೇಳಿದ್ದಲ್ಲ.

ಪಟ್ಟಿಯನ್ನು ಅದೇ ಗೂಟಕ್ಕೆ ತೂಗುಹಾಕಿ ಹೊರಗೆ ಬಂದೆ. ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಬಿಸಿ ತಾಗಿಸಿದ್ದ ಟಾಕಿಯ ಎಡಭಾಗ ತಣ್ಣಗಾಗಿತ್ತು, ಕೂತವರು ಇಳಿದು ಒಳಗೆ ಹೋದಂತೆ.

ಇಂದಿಗೂ ನನ್ನ ಗಾಡಿಗೆ ಎಡಗಡೆಯ ಪಟ್ಟಿ ಇಲ್ಲ. ಕೇಳಿದವರಿಗೆ ಎಲ್ಲೂ ಸಿಗಲಿಲ್ಲ ಎನ್ನುತ್ತೇನೆ. ಸಂಜೆ ಮಾತ್ರ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವುದಿಲ್ಲ. ಆ ಹೊತ್ತಿಗೆ ಅದು ಅವರಿಗೆ ಬೇಕು.