ಕಾಮಕಸ್ತೂರಿಯ ಕಾಳು ಮಾಗುವವರೆಗೆ

ಮಸ್ಕಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ಗದ್ದೆಮ್ಮನ ಹಿತ್ತಲಿಗೆ ಬರುತ್ತಿದ್ದರು. ಜೋಳ ತೂರುವಾಗ ಹೊಟ್ಟು ಹೊಕ್ಕವರು, ಬಂಡಿ ಹಾದಿಯ ಧೂಳು ತುಂಬಿಕೊಂಡವರು. ಆಕೆ ಅವರನ್ನು ಕಟ್ಟೆಯ ಮೇಲೆ ಮಲಗಿಸಿ, ರೆಪ್ಪೆ ಎತ್ತಿ, ಕಾಮಕಸ್ತೂರಿಯ ಒಂದು ಕಾಳನ್ನು ಕಣ್ಣಿನ ಮೂಲೆಗೆ ಇಡುತ್ತಿದ್ದಳು. ಕಾಳು ಕಣ್ಣೀರಿಗೆ ನೆನೆದು ಉಬ್ಬಿ, ಮೈತುಂಬ ಲೋಳೆ ಕಟ್ಟಿಕೊಂಡು, ಕಸವನ್ನು ಅಂಟಿಸಿಕೊಂಡೇ ಹೊರಗೆ ಜಾರುತ್ತಿತ್ತು. "ನಿನ್ನ ಕೈಗುಣ ಭಾಳ ಚಲೋ ಐತಿ ಬೇ" ಎಂದು ಜನ ಹರಸಿ ಹೋಗುತ್ತಿದ್ದರು. ಆ ಮಾತನ್ನು ಗದ್ದೆಮ್ಮ ನಂಬಿದ್ದಳು.

ಮದುವೆಯಾಗಿ ಬರುವಾಗ ಸಂತೆಕಲ್ಲೂರಿನ ತವರಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜ ಅದು. ಆಷಾಢದಲ್ಲಿ ಬೂದಿಯೊಡನೆ ಬೆರೆಸಿ ಬಚ್ಚಲ ನೀರು ಹರಿಯುವ ಮಡಿಗೆ ಚೆಲ್ಲುತ್ತಿದ್ದಳು. ಸಸಿ ಗೇಣುದ್ದವಾದಾಗ ಕುಡಿ ಚಿವುಟಿದರೆ ಗಿಡ ಕವಲೊಡೆದು ಹಬ್ಬುತ್ತಿತ್ತು. ಪಕ್ಕದ ಮನೆಯ ಜಮೀಲಾಬೀ ಅದನ್ನು ಸಬ್ಜಾ ಎಂದು ಕರೆದು ಶರಬತ್ತಿಗೆ ಒಯ್ಯುತ್ತಿದ್ದಳು.

ಗಂಡ ಆದಪ್ಪ ಬೀಸುಕಲ್ಲಿನ ಕೆಲಸದವನು. ಮನೆಮನೆಯ ಅಂಗಳದಲ್ಲಿ ಕೂತು, ಸವೆದು ನುಣುಪಾದ ಕಲ್ಲನ್ನು ಉಳಿ ಸುತ್ತಿಗೆಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದ. ೧೯೫೧ರ ದೀಪಾವಳಿಗೆ ಹತ್ತು ದಿನವಿರುವಾಗ ಒಂದು ಮಧ್ಯಾಹ್ನ ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಬಂದ.

"ಚೂರು ಸಿಡೀತು ಗದ್ದಿ. ಒಂದು ಕಾಳು ಹಾಕು."

ಹಾಕಿದಳು. ಹೋದ ವರ್ಷದ ಕಾಳು. ಮಳೆಗಾಲದಲ್ಲಿ ಸೋರಿದ ಮೂಲೆಯ ಗಡಿಗೆಯಲ್ಲಿದ್ದು ಮುಗ್ಗು ಹಿಡಿದಿತ್ತು. ಅರೆಬರೆ ಉಬ್ಬಿ ಬರಿದೇ ಹೊರಬಿತ್ತು. ಇನ್ನೊಂದು ಹಾಕಿದಳು. ಅದೂ ಹಾಗೆಯೇ. ತಪ್ಪು ಕಾಳಿನದೆಂದು ಆಕೆಗೆ ಖಾತ್ರಿಯಾಯಿತು. ಹಿತ್ತಲಿಗೆ ಓಡಿ ನೋಡಿದರೆ ತೆನೆಯ ಬುಡ ಕಂದಾಗಿದೆ, ತುದಿ ಇನ್ನೂ ಹಸಿರು.

"ನಾಕು ದಿನ ತಡಕೋ. ಹೊಸಾ ಕಾಳು ಬರ್ತಾವ" ಎಂದಳು.

ಮರುದಿನವೇ ಕಣ್ಣು ಕೆಂಪಗೆ ಊದಿಕೊಂಡಿತು. ಜಮೀಲಾಬೀ ಬಂದು ನೋಡಿ ಗಾಬರಿಯಾದಳು. "ದವಾಖಾನಿಗೆ ಒಯ್ಯವ್ವ. ಹಠ ಮಾಡಬ್ಯಾಡ."

"ಊರ ಮಂದಿ ಕಣ್ಣಾಗಿಂದು ತಗದೀನಿ. ನನ್ನ ಗಂಡಂದು ತಗಿಯಾಕ ಆಗಂಗಿಲ್ಲೇನು?"

ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ತೆನೆ ಮುಟ್ಟಿ ನೋಡುತ್ತಿದ್ದಳು. ಒಳಗೆ ಆದಪ್ಪ ಗೋಡೆಗೆ ಹಣೆ ಒತ್ತಿ ನರಳುತ್ತಿದ್ದ. ಐದನೆಯ ದಿನ ನಸುಕಿನಲ್ಲಿ, ಕಾಳು ಉದುರದಿರಲೆಂದು ಇಬ್ಬನಿ ಆರುವ ಮೊದಲೇ ತೆನೆ ಕೊಯ್ದಳು. ಹಳೆಯ ಸೀರೆಯ ಮೇಲೆ ಹರವಿ ಬಿಸಿಲಿಗೆ ಒಣಗಿಸಿ, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಹಾಕಿ ಬಾಯಿಂದ ಊದಿ ಹೊಟ್ಟು ಹಾರಿಸಿದಳು. ಕಪ್ಪು ಕಾಳು ಒಂದು ಹಿಡಿಯಾಯಿತು. ಅಷ್ಟು ಚೆಂದದ ಕಾಳು ಯಾವ ವರ್ಷವೂ ಬಂದಿರಲಿಲ್ಲ.

ಮೊದಲ ಕಾಳು ದುಂಡಗೆ ಉಬ್ಬಿ ಬಂತು. ಅದರಲ್ಲಿ ಏನೂ ಇರಲಿಲ್ಲ. ಎರಡನೆಯದು, ಮೂರನೆಯದು, ಎಂಟನೆಯದು. ಕೊನೆಗೆ ಆತನನ್ನು ಬಿಸಿಲಿಗೆ ತಂದು ರೆಪ್ಪೆ ಎಳೆದು ನೋಡಿದಳು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಣ್ಣದೊಂದು ಸೀಳು ಇತ್ತು. ಚೂರು ಕಣ್ಣಿನ ಮೇಲಿರಲಿಲ್ಲ, ಒಳಗೆ ಹೊಕ್ಕಿತ್ತು. ಮೊದಲ ದಿನವೇ ಹೊಕ್ಕಿತ್ತು. ಗದ್ದೆಮ್ಮ ಕೈಯಲ್ಲಿದ್ದ ಕಾಳನ್ನು ಅಲ್ಲೇ ಚೆಲ್ಲಿ ಬಂಡಿ ಕೇಳಲು ಓಡಿದಳು.

ಬಾಬುಸಾಬ್ ಎಂಬ ನೆರೆಯವನು ಬಂಡಿ ಕಟ್ಟಿ ಇಬ್ಬರನ್ನೂ ಲಿಂಗಸುಗೂರಿಗೆ ಒಯ್ದ. ದವಾಖಾನೆಯ ಡಾಕ್ಟರು ಬಹಳ ಹೊತ್ತು ನೋಡಿದರು.

"ಎಷ್ಟು ದಿನ ಆತು?"

"ಆರು ದಿನ್ರೀ ಸಾಹೇಬ್ರ."

"ಉಳಿಯ ಚೂರು ಒಳಗ ಅದ. ಈ ಕಣ್ಣು ಹೋಗ್ಯದ. ಈಗ ಇದನ್ನ ತಗೀಲಿಲ್ಲಂದ್ರ ಇನ್ನೊಂದು ಕಣ್ಣಿಗೂ ಧೋಕಾ ಅದ."

ಆದಪ್ಪ ಎದ್ದು ನಿಂತ. "ಕಣ್ಣು ಕಿತ್ತಿದ ಮಾರಿ ಇಟ್ಕೊಂಡು ಯಾರ ಅಂಗಳದಾಗ ಹೋಗಿ ಕುಂದ್ರಲಿ?" ಎಂದು ಯಾರ ಮಾತೂ ಕೇಳದೆ ಬಂಡಿ ಹತ್ತಿದ.

ಊರಿಗೆ ಬಂದ ಮೇಲೆ ಗದ್ದೆಮ್ಮ ಕಣ್ಣು ತೋರಿಸಲು ಬಂದವರನ್ನು ಬಾಗಿಲಿಂದಲೇ ಕಳಿಸಿದಳು. ಉಳಿದ ಗಿಡಗಳನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದಳು. ಕೈಗೆ ಹತ್ತಿದ ಅದರ ವಾಸನೆ ಹೋಗಲೆಂದು ಬೂದಿ ಹಚ್ಚಿ ತಿಕ್ಕಿದಳು. ಮೂರು ವಾರ ಕಳೆದಿರಬೇಕು. ಒಂದು ಮುಂಜಾನೆ ಆದಪ್ಪ ನೀರಿನ ಚೆಂಬಿಗೆ ಕೈಚಾಚಿದ. ಚೆಂಬು ಎದುರಿಗೇ ಇತ್ತು. ಕೈ ಪಕ್ಕದ ನೆಲ ತಡವಿತು.

"ಆ ಕಣ್ಣಿಗೂ ಬಂತೇನು?"

ಆತ ಕೈ ಹಿಂದಕ್ಕೆ ಎಳೆದುಕೊಂಡ.

"ಎಷ್ಟು ದಿನ ಆತು? ಹೇಳು!"

"ಮೂರು ದಿನ. ಬೆಳಕು ಕಂಡ್ರ ಚುಚ್ಚತೈತಿ."

ಗದ್ದೆಮ್ಮ ಅವನ ಎರಡೂ ಕಾಲು ಹಿಡಿದಳು. "ಕೆಡಿಸಿದಾಕಿ ನಾನು. ಹಿತ್ತಲಾಗ ಕಾಳು ಮಾಗಲಿ ಅಂತ ಕಾದೆ, ಒಳಗ ನಿನ್ನ ಕಣ್ಣು ಸಾಯಾಕತ್ತಿತ್ತು. ಬೇಕಾದ್ರ ಹೊಡಿ, ತವರಿಗೆ ಅಟ್ಟು. ಆದ್ರ ಈಗ ನೀ ತಡ ಮಾಡಬ್ಯಾಡ. ನಾ ಮಾಡಿದ ತಪ್ಪು ನೀ ಮಾಡಬ್ಯಾಡ."

ಆದಪ್ಪ ತಡವಿ ಅವಳ ತಲೆಯ ಮೇಲೆ ಕೈಯಿಟ್ಟು, "ಬಂಡಿ ಕಟ್ಟಾಕ ಹೇಳು" ಎಂದ.

ಡಾಕ್ಟರು ಎಡಗಣ್ಣು ತೆಗೆದರು. ಬಲಗಣ್ಣು ಪೂರ್ತಿ ಉಳಿಯಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಎದುರಿಗೆ ನಿಂತದ್ದು ಮನುಷ್ಯನೋ ಕಂಬವೋ ಎಂಬಷ್ಟು ಕಾಣುತ್ತಿತ್ತು. ಕೈಕಸುಬು ಅಲ್ಲಿಗೆ ಮುಗಿಯಿತು. ಆ ಚಳಿಗಾಲದಲ್ಲಿ ಹೊಟ್ಟೆಗೆ ದಾರಿ ಕಾಣದೆ ಗದ್ದೆಮ್ಮ ತಾನೇ ಉಳಿ ಸುತ್ತಿಗೆ ಎತ್ತಿಕೊಂಡಳು. "ಹೆಂಗಸು ಕಲ್ಲು ಹೊಡೀತಾಳಂತ" ಎಂದು ಮೊದಮೊದಲು ಜನ ಬಾಗಿಲು ಹಾಕಿಕೊಂಡರು. ಆಮೇಲೆ ಬೀಸುವ ಹೆಂಗಸರೇ ಕರೆದರು.

ಪ್ರತಿ ಪೆಟ್ಟಿಗೂ ಆಕೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದಳು. ಆ ಅಂಜಿಕೆ ಕೊನೆಯವರೆಗೂ ಹೋಗಲಿಲ್ಲ. ಆದಪ್ಪ ಹಿಂದೆ ಗೋಡೆಗೆ ಒರಗಿ ಕೂತು ಉಳಿಯ ಸಪ್ಪಳ ಕೇಳುತ್ತಿದ್ದ. "ಉಳಿ ಸ್ವಲ್ಪ ವಾರಿ ಹಿಡಿ ಗದ್ದಿ, ಓರೆ ಮಾಡು," ಎನ್ನುತ್ತಿದ್ದ, "ಸಪ್ಪಳ ಟೊಳ್ಳು ಕೇಳಾಕತ್ತೈತಿ."