ಒಳಗಿದ್ದವರನ್ನೇ ಹೊರಗೆ ನಿಲ್ಲಿಸಿದ ಲಾಗಿನ್ ಪುಟ

2022ರಲ್ಲಿ ನಾನು ಕಡೂರಿನಲ್ಲಿ ವೆಬ್ ಡೆವಲಪರ್ ಆಗಿ ಹದಿನಾಲ್ಕನೇ ವರ್ಷಕ್ಕೆ ಕಾಲಿಟ್ಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಒಂದೇ ಕೋಣೆಯ ಆಫೀಸು, ಎರಡು ಕಂಪ್ಯೂಟರು, ನಾನೊಬ್ಬಳೇ ಕೆಲಸಗಾರ್ತಿ. ಆ ವರ್ಷದ ಬೇಸಿಗೆಯಲ್ಲಿ ತರೀಕೆರೆಯಿಂದ ಡಾ. ಸುಮಿತ್ರಾ ಎಂಬ ನಿವೃತ್ತ ಪಶುವೈದ್ಯೆ ನನ್ನನ್ನು ಹುಡುಕಿಕೊಂಡು ಬಂದರು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಅವರೂ ಸೇರಿ ಆರು ಮಂದಿ ವೈದ್ಯರು ದನಕರುಗಳ ತುರ್ತು ಚಿಕಿತ್ಸೆಗೆ ಸರದಿಯ ಮೇಲೆ ಹೋಗಲು ಒಪ್ಪಿದ್ದರು. ಇವತ್ತು ಯಾವ ಕಡೆಗೆ ಯಾರ ಸರದಿ, ಅವರ ನಂಬರ್ ಏನು ಎಂದು ತೋರಿಸುವ ಆಪ್ ಅವರಿಗೆ ಬೇಕಿತ್ತು.

“ಸಿಕ್ಕಸಿಕ್ಕವರಿಗೆಲ್ಲ ನಮ್ಮ ನಂಬರ್ ಕಾಣೋದು ಬೇಡ ಶಬಾನಾ. ಹೆಸರು ಬರೆಸಿದ ರೈತರಿಗೆ ಮಾತ್ರ,” ಅಂದರು.

ನಾನು ಮಾಡಿಕೊಟ್ಟದ್ದು ಸಿಂಗಲ್ ಪೇಜ್ ಆಪ್. ಅಂದರೆ ಮೊಬೈಲಿನಲ್ಲಿ ಒಂದೇ ಸಲ ಲೋಡ್ ಆಗಿ, ಆಮೇಲೆ ತನ್ನೊಳಗೇ ಪುಟ ಬದಲಿಸಿಕೊಳ್ಳುವಂಥದ್ದು. ಯಾರಿಗೆ ಯಾವ ಪುಟ ತೋರಿಸಬೇಕು ಎಂದು ತೀರ್ಮಾನಿಸುವ ಭಾಗಕ್ಕೆ ರೂಟಿಂಗ್ ಎನ್ನುತ್ತೇವೆ. ನನ್ನ ನಿಯಮ ಸರಳವಾಗಿತ್ತು: ಲಾಗಿನ್ ಆಗಿದ್ದರೆ ಸರದಿ ಪಟ್ಟಿ, ಇಲ್ಲದಿದ್ದರೆ ಲಾಗಿನ್ ಪುಟ. ಲಾಗಿನ್ ಪುಟದಲ್ಲಿ ಮೊಬೈಲ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ, ಅದನ್ನು ಒತ್ತಿದರೆ ಒಳಗೆ. ಆಫೀಸಿನಲ್ಲಿ ನೂರು ಸಲ ಪರೀಕ್ಷಿಸಿದೆ, ಒಮ್ಮೆಯೂ ತಪ್ಪಲಿಲ್ಲ.

ಆಪ್ ಶುರುವಾದ ಎರಡನೇ ವಾರ ಅಜ್ಜಂಪುರ ಕಡೆಯ ಬುಕ್ಕಾಂಬುಧಿಯಿಂದ ರೈತರೊಬ್ಬರು ಫೋನ್ ಮಾಡಿ, “ಒಂದೊಂದ್ಸಲ ಸುಮ್ಸುಮ್ನೆ ಮತ್ತೆ ನಂಬರ್ ಕೇಳ್ತದೆ ಕಣ್ರೀ,” ಅಂದರು. ನೀವೇ ತಪ್ಪಿ ಲಾಗ್‌ಔಟ್ ಒತ್ತಿರಬೇಕು ಎಂದು ಹೇಳಿ ಇಟ್ಟುಬಿಟ್ಟೆ. ಅಂಥ ದೂರನ್ನು ನಂಬುವ ಅಭ್ಯಾಸ ನನಗಿರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ, ಬೆಳಗ್ಗೆ ಹತ್ತರ ಸುಮಾರಿಗೆ ನನ್ನ ಫೋನ್ ಹೊಡೆದುಕೊಂಡಿತು.

“ತಾಯಿ, ಡಾಕ್ಟ್ರಮ್ಮನಾ?”

“ಅಲ್ಲ, ನಾನು ಆಪ್ ಮಾಡಿದವಳು. ಏನಾಯ್ತು ಹೇಳಿ.”

“ಎಮ್ಮೆದೊಡ್ಡಿ ಗಂಗಮ್ಮ ಕಣಮ್ಮ. ನಮ್ಮ ಹಸೀಗೆ ಮೊದಲ್ನೇ ಸೂಲು. ಬೆಳಗಿಂದ ತಿಣುಕ್ತೈತೆ, ಕರೂದು ಒಂದೇ ಕಾಲು ಕಾಣ್ತೈತೆ. ಈ ಆಪು ಒಳೀಕೇ ಬಿಡ್ತಿಲ್ಲ. ಹೋದ್ವಾರ ಬಿಟ್ಟಿತ್ತಲ್ಲ, ಈಗ ನೀನ್ಯಾರು ಅಂತೈತೆ!”

ಲಾಗಿನ್ ಪುಟದ ಅಡಿಯಲ್ಲಿ ‘ತೊಂದರೆ ಇದ್ದರೆ ಕರೆ ಮಾಡಿ’ ಎಂದು ನನ್ನ ನಂಬರ್ ಹಾಕಿದ್ದೆ. ಓಟಿಪಿ ಬಾರದೆ ಅರ್ಧ ಗಂಟೆ ಕಾದು, ಕೊನೆಗೆ ಆಕೆ ಅದನ್ನೇ ಡಾಕ್ಟರ ನಂಬರ್ ಅಂದುಕೊಂಡು ಒತ್ತಿದ್ದರು. ಅವತ್ತು ಕಡೂರು ಕಡೆಯ ಸರದಿ ಸುಮಿತ್ರಾ ಅವರದೇ. ಗಂಗಮ್ಮನನ್ನು ಫೋನಿನಲ್ಲೇ ನಿಲ್ಲಿಸಿಕೊಂಡು ಅವರನ್ನೂ ಅದೇ ಕರೆಗೆ ಸೇರಿಸಿದೆ.

“ಗಂಗಮ್ಮ, ಯಾರೂ ಆ ಕಾಲು ಹಿಡಿದು ಎಳೀಬೇಡಿ. ಹಸುವನ್ನ ಸಮ ನೆಲದಲ್ಲಿ ಬಿಡಿ. ನಾನು ಕಡೂರಲ್ಲೇ ಇದ್ದೀನಿ, ಹೊರಟೆ,” ಅಂದರು ಡಾಕ್ಟರು.

ಆಮೇಲೆ ನನಗೆ ಯಾವ ಕೆಲಸವೂ ಓಡಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಫೋನನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಗಂಗಮ್ಮನ ಕರೆ ಬಂತು. “ಹೆಣ್ಗರು ತಾಯಿ! ಎದ್ದು ನಿಂತೈತೆ. ಹಸೂನೂ ನೆಕ್ಕಿ ನೆಕ್ಕಿ ಒರೆಸ್ತೈತೆ.” ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಸಂಜೆ ಡಾಕ್ಟರು ಆಫೀಸಿಗೆ ಬಂದರು. ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಒಳಗೆ ಕೈ ಹಾಕಿ ಬಿಡಿಸಬೇಕಾಯಿತಂತೆ. “ಇನ್ನೂ ತಡ ಆಗಿದ್ರೆ ಕರು ಉಳೀತಿರ್ಲಿಲ್ಲ,” ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ನಾನೇ ಎಮ್ಮೆದೊಡ್ಡಿಗೆ ಹೋದೆ. ಗಂಗಮ್ಮನ ಕೊಟ್ಟಿಗೆ ಇರುವುದು ಊರಾಚೆ, ದನ ಮೇಯುವ ಕಾವಲಿನ ಅಂಚಿಗೆ. ಅಲ್ಲಿ ಮಾತಾಡುವಷ್ಟು ಸಿಗ್ನಲ್ ಇದೆ, ಇಂಟರ್ನೆಟ್ ಮಾತ್ರ ತೆವಳುತ್ತದೆ. “ನಾನೇನೂ ಒತ್ತಿಲ್ಲ ಕಣಮ್ಮ, ನೀನೇ ನೋಡು,” ಎಂದು ಫೋನ್ ಕೈಗಿಟ್ಟರು. ಹಿಂದಿನ ದಿನ ಡಾಕ್ಟರು ಓಟಿಪಿ ಬರುವ ತನಕ ಕಾದು ಅದರಲ್ಲಿ ಮತ್ತೆ ಲಾಗಿನ್ ಮಾಡಿಸಿ ಹೋಗಿದ್ದರು. ಆದರೂ ಆಪ್ ತೆರೆದ ಕೂಡಲೇ ಲಾಗಿನ್ ಪುಟ ಬಂತು. ನನ್ನ ಲ್ಯಾಪ್‌ಟಾಪಿಗೆ ಆ ಫೋನನ್ನು ಜೋಡಿಸಿ ಒಳಗೆ ನಡೆಯುವುದನ್ನು ಗಮನಿಸಿದೆ. ಎಂಟು ಸೆಕೆಂಡ್ ಕಳೆದ ಮೇಲೆ ಸರ್ವರ್‌ನಿಂದ ಉತ್ತರ ಬಂತು: ಈಕೆ ಲಾಗಿನ್ ಆಗಿದ್ದಾರೆ.

ತಪ್ಪು ಅಲ್ಲೇ ಕಂಡಿತು. ಆಪ್ ತೆರೆದಾಗ ಈ ಬಳಕೆದಾರರು ಯಾರೆಂದು ಸರ್ವರ್ ಅನ್ನು ಕೇಳುತ್ತದೆ. ಉತ್ತರ ಬರುವ ತನಕ ಏನೆಂದು ಭಾವಿಸಬೇಕು? ನಾನು ‘ಲಾಗಿನ್ ಆಗಿಲ್ಲ’ ಎಂದು ಬರೆದಿದ್ದೆ. ಕಡೂರಿನಲ್ಲಿ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿದ್ದರಿಂದ ಅದು ಗೊತ್ತೇ ಆಗಿರಲಿಲ್ಲ. ಇಲ್ಲಿ ಉತ್ತರ ಬರುವಷ್ಟರಲ್ಲಿ ರೂಟಿಂಗ್ ಗಂಗಮ್ಮನನ್ನು ಹೊರಗೆ ಹಾಕಿ ಆಗಿತ್ತು. ಆಮೇಲೆ ಬಂದ ‘ಹೌದು’ ಎಂಬ ಉತ್ತರವನ್ನು ಲಾಗಿನ್ ಪುಟ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

“ತಪ್ಪು ನಂದೇ ಗಂಗಮ್ಮ,” ಅಂದೆ.

“ಹೋಗ್ಲಿ ಬಿಡು. ಕರ ಉಳೀತಲ್ಲ. ಗಿಣ್ಣು ಕಾಸಿದೀನಿ, ತಿಂದ್ಕೊಂಡ್ ಹೋಗು.” ಬೆಲ್ಲ, ಏಲಕ್ಕಿ ಹಾಕಿದ ಬಿಸಿ ಗಿಣ್ಣು. ಎರಡು ಸಲ ಹಾಕಿಸಿಕೊಂಡೆ.

ಅದೇ ವಾರ ಕೋಡ್ ತಿದ್ದಿದೆ. ಲಾಗಿನ್ ಆಗಿದ್ದಾರೆ, ಆಗಿಲ್ಲ ಎಂಬ ಎರಡರ ಜೊತೆಗೆ ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೆಯ ಸ್ಥಿತಿ ಸೇರಿಸಿದೆ. ಅದಿರುವಷ್ಟು ಹೊತ್ತು ಆಪ್ ‘ಸ್ವಲ್ಪ ತಾಳಿ’ ಎನ್ನುತ್ತದೆ, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಜೊತೆಗೆ, ಆಯಾ ದಿನದ ಸರದಿ ವೈದ್ಯರ ನಂಬರನ್ನಾದರೂ ಲಾಗಿನ್ ಇಲ್ಲದೆ ತೋರಿಸೋಣ ಎಂದು ಡಾಕ್ಟರನ್ನು ಕೇಳಿದೆ. ಒಪ್ಪುವುದಿಲ್ಲವೇನೋ ಅಂದುಕೊಂಡಿದ್ದೆ.

“ಈಯೋ ಹಸು ಮುಂದಿಟ್ಕೊಂಡು ಯಾರು ಓಟಿಪಿ ಕಾಯ್ತಾರೆ? ತೋರಿಸಿಬಿಡು,” ಅಂದರು. ಉಳಿದ ಐವರನ್ನೂ ಅವರೇ ಒಪ್ಪಿಸಿದರು. ಬುಕ್ಕಾಂಬುಧಿಯ ರೈತರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಜೋರಾಗಿ ನಕ್ಕರು. “ನಾನೂ ಮನೇಲಿ ಎಲ್ರನ್ನೂ ಬೈದಿದ್ದೆ ಕಣ್ರೀ, ಯಾರ್ ಒತ್ತಿದ್ರಿ ಅಂತ!”

ಆಪ್ ಈಗಲೂ ಓಡುತ್ತಿದೆ. ನಾನು ಈಗ ಏನೇ ಬರೆದರೂ ಕಡೂರಿನ ವೈ-ಫೈಯಲ್ಲಿ ಪರೀಕ್ಷಿಸಿ ಮುಗಿಸುವುದಿಲ್ಲ, ಸಿಗ್ನಲ್ ಸರಿಯಿಲ್ಲದ ಊರಿಗೆ ಹೋಗಿ ಒಂದು ದಿನ ಕೂರುತ್ತೇನೆ. ಯಂತ್ರಕ್ಕೆ ಎದುರಿಗಿರುವವರು ಯಾರೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಬಹುದು. ಆ ಹೊತ್ತಿನಲ್ಲಿ ಅವರನ್ನು ಕಳ್ಳರಂತೆ ಕಾಣಬೇಕೋ ನೆಂಟರಂತೆ ಕೂರಿಸಬೇಕೋ ಎನ್ನುವುದನ್ನು ತೀರ್ಮಾನಿಸುವುದು ಯಂತ್ರವಲ್ಲ, ಅದನ್ನು ಬರೆದವರು.